ಸಿ.ಎ. 125: ಒಂದು ಗಂತಿಸೂಚಕದ ನಾಲ್ಕು ದಶಕ

ರಕ್ತಪರೀಕ್ಷೆಯ ವರದಿಗಳಲ್ಲಿ ‘ಸಿ.ಎ. 125’ ಎಂಬ ಸಾಲು ಈಗ ಅಪರೂಪವಲ್ಲ. ಬಹಳ ದಿನಗಳಿಂದ ಹೊಟ್ಟೆ ಉಬ್ಬರವೆಂದು ಬಂದ ಮಹಿಳೆಗೆ ವೈದ್ಯರು ಈ ಪರೀಕ್ಷೆಯನ್ನು ಬರೆದುಕೊಡುವುದುಂಟು. ನಗರಗಳ ಪ್ರಯೋಗಾಲಯಗಳು ಮಹಿಳೆಯರಿಗಾಗಿ ನಡೆಸುವ ‘ಪೂರ್ಣ ಆರೋಗ್ಯ ತಪಾಸಣೆ’ಯ ಪಟ್ಟಿಯಲ್ಲೂ ಅದು ಸೇರಿಕೊಂಡಿರುತ್ತದೆ. ಅದರ ಮುಂದೆ ಒಂದು ಅಂಕಿ. ಪಕ್ಕದಲ್ಲಿ 35ಕ್ಕಿಂತ ಕಡಿಮೆ ಇರಬೇಕೆಂಬ ಸೂಚನೆ. ಅಂಕಿ 35ನ್ನು ಮೀರಿದರೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ, ಮೀರದಿದ್ದರೆ ನಿಶ್ಚಿಂತರಾಗುತ್ತಾರೆ. ಈ ಎರಡೂ ತಪ್ಪಾಗಿರಬಹುದು. 125 ಎಂಬ ಹೆಸರು ಹೇಗೆ ಬಂತು, 35 ಎಂಬ ಗೆರೆಯನ್ನು ಯಾರು, ಯಾವ ಉದ್ದೇಶಕ್ಕಾಗಿ ಎಳೆದರು ಎಂಬುದನ್ನು ತಿಳಿದುಕೊಂಡರೆ ಆ ಅಂಕಿಯನ್ನು ಹೇಗೆ ಓದಬೇಕೆಂಬುದೂ ಸ್ಪಷ್ಟವಾಗುತ್ತದೆ.

ಗುಟ್ಟಾಗಿ ಬೆಳೆಯುವ ರೋಗ

ಅಂಡಾಶಯಗಳು ಕಿಬ್ಬೊಟ್ಟೆಯ ಆಳದಲ್ಲಿ, ಗರ್ಭಕೋಶದ ಎರಡೂ ಪಕ್ಕಗಳಲ್ಲಿರುವ ಬಾದಾಮಿ ಗಾತ್ರದ ಅಂಗಗಳು. ಸ್ತನದಲ್ಲಿ ಗಂಟಾದರೆ ಕೈಗೆ ಸಿಗುತ್ತದೆ. ಗರ್ಭಕೋಶದ ಕೊರಳಿನಲ್ಲಿ ಬದಲಾವಣೆಯಾದರೆ ವೈದ್ಯರು ಅದನ್ನು ಕಣ್ಣಾರೆ ನೋಡಬಹುದು, ಅಲ್ಲಿಂದ ಜೀವಕೋಶಗಳನ್ನು ಕೆರೆದು ಪರೀಕ್ಷಿಸಬಹುದು. ಅಂಡಾಶಯದ ಗಂತಿಗೆ ಇಂಥ ಅನುಕೂಲ ಯಾವುದೂ ಇಲ್ಲ. ಸುತ್ತಲೂ ಸ್ಥಳಾವಕಾಶವಿರುವುದರಿಂದ ಅದು ನೋವು ಕೊಡದೆ ಬೆಳೆಯುತ್ತದೆ. ಅದರಿಂದ ಉದುರಿದ ಜೀವಕೋಶಗಳು ಉದರಪೊರೆಯ ಮೇಲೆ ಬಿತ್ತಿದ ಬೀಜಗಳಂತೆ ಹರಡಿಕೊಳ್ಳುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾದಾಗಲೇ ಅನೇಕರು ಆಸ್ಪತ್ರೆಗೆ ಬರುವುದು.

ಗಂತಿ ಅಂಡಾಶಯದಲ್ಲೇ ಇರುವಾಗ ಪತ್ತೆಯಾದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಐದು ವರ್ಷಗಳ ನಂತರವೂ ಬದುಕಿರುತ್ತಾರೆ. ಹೊಟ್ಟೆಯಿಡೀ ಹರಡಿದ ಮೇಲೆ ಪತ್ತೆಯಾದರೆ ಆ ಸಂಖ್ಯೆ ಸುಮಾರು ಮೂರಕ್ಕೆ ಇಳಿಯುತ್ತದೆ. ಹೆಚ್ಚಿನವರು ಎರಡನೆಯ ಗುಂಪಿಗೆ ಸೇರಿದವರು ಎಂಬುದೇ ಈ ರೋಗದ ದುರಂತ. ರಕ್ತದ ಒಂದು ಹನಿ ಇದನ್ನು ಮೊದಲೇ ಹೇಳುವಂತಿದ್ದರೆ ಎಷ್ಟು ಚೆನ್ನ ಎಂದು ವೈದ್ಯರಿಗೆ ಅನಿಸಿದ್ದು ಸಹಜವೇ ಆಗಿತ್ತು.

ಸೂಚಕಗಳ ಹುಡುಕಾಟ

ಗಂತಿಯ ಸುಳಿವನ್ನು ದೇಹದ ದ್ರವಗಳಲ್ಲಿ ಹುಡುಕುವ ಯತ್ನ ಹಳೆಯದು. 1840ರ ದಶಕದಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್, ಮೂಳೆಗಳು ಮೆತ್ತಗಾಗಿ ನರಳುತ್ತಿದ್ದ ರೋಗಿಯೊಬ್ಬನ ಮೂತ್ರದಲ್ಲಿ ವಿಚಿತ್ರ ಪ್ರೋಟೀನೊಂದನ್ನು ಗುರುತಿಸಿದ. ಆ ರೋಗ ಮಜ್ಜೆಯ ಕ್ಯಾನ್ಸರುಗಳಲ್ಲಿ ಒಂದಾದ ಮೈಲೋಮಾ. ಇದನ್ನು ಮೊದಲ ಗಂತಿಸೂಚಕವೆಂದು ಪರಿಗಣಿಸಲಾಗಿದೆ.

1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ಮತ್ತು ಸಂಗಡಿಗರು, ಯಕೃತ್ತಿನ ಕ್ಯಾನ್ಸರಿದ್ದ ಇಲಿಗಳ ರಕ್ತದಲ್ಲಿ ಸಾಮಾನ್ಯವಾಗಿ ಭ್ರೂಣದಲ್ಲಷ್ಟೇ ಇರುವ ಪ್ರೋಟೀನು ಮತ್ತೆ ಕಾಣಿಸಿಕೊಳ್ಳುವುದನ್ನು ಕಂಡರು. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್, ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಅಂಥದೇ ಇನ್ನೊಂದು ವಸ್ತುವನ್ನು ವರದಿ ಮಾಡಿದರು. ಅದೇ ಸಿ.ಇ.ಎ. ಇದು ಕ್ಯಾನ್ಸರಿಗೇ ಮೀಸಲಾದ ಗುರುತು ಎಂಬ ನಿರೀಕ್ಷೆ ಮೊದಲು ಹುಟ್ಟಿತು. ಆದರೆ ಧೂಮಪಾನಿಗಳಲ್ಲಿ, ಯಕೃತ್ತಿನ ಬೇರೆ ರೋಗಗಳಿದ್ದವರಲ್ಲಿ ಕೂಡ ಅದು ಏರುತ್ತದೆಂದು ಕ್ರಮೇಣ ತಿಳಿಯಿತು. ಮುಂದೆ ಅಂಡಾಶಯದ ಸೂಚಕಕ್ಕೂ ಕಾದಿದ್ದ ಪಾಠ ಇದೇ.

ಅಂಡಾಶಯದ ಕ್ಯಾನ್ಸರಿಗೆ ಸೂಚಕವನ್ನು ಹುಡುಕುವವರಿಗೆ ಇನ್ನೊಂದು ತಾಂತ್ರಿಕ ತೊಡಕಿತ್ತು. ಗಂತಿಯ ಸಾರವನ್ನು ಪ್ರಾಣಿಗೆ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ, ನಿಜ. ಆದರೆ ಅದು ನೂರಾರು ಬಗೆಯ ಪ್ರತಿಕಾಯಗಳ ಕಲಬೆರಕೆ. ಗಂತಿಗೆ ಅಂಟುವುದು ಯಾವುದು, ಆರೋಗ್ಯಕರ ಅಂಗಾಂಶಕ್ಕೂ ಅಂಟುವುದು ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ.

ಇಲಿಯಿಂದ ಬಂದ ಉತ್ತರ

ಈ ತೊಡಕಿಗೆ ಪರಿಹಾರ ದೊರೆತದ್ದು 1975ರಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್, ಪ್ರತಿಕಾಯ ತಯಾರಿಸುವ ಇಲಿಯ ಗುಲ್ಮದ ಜೀವಕೋಶವನ್ನು ಸಾವಿಲ್ಲದೆ ವಿಭಜಿಸುತ್ತಲೇ ಇರುವ ಮೈಲೋಮಾ ಜೀವಕೋಶದೊಡನೆ ಬೆಸೆದರು. ಹೀಗೆ ಹುಟ್ಟಿದ ಸಂಕರ ಕೋಶಕ್ಕೆ ತಾಯಿಯ ಕಸುಬೂ ತಂದೆಯ ಆಯುಷ್ಯವೂ ಸೇರಿ ಬಂದಂತಾಯಿತು. ಅಂಥ ಒಂದೇ ಕೋಶವನ್ನು ಬೇರೆ ಮಾಡಿ ಬೆಳೆಸಿದರೆ ಅದರ ಸಂತತಿಯೆಲ್ಲ ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸಿಕೊಡುತ್ತದೆ. ಇವೇ ಮಾನೋಕ್ಲೋನಲ್, ಅಂದರೆ ಏಕತದ್ರೂಪಿ ಪ್ರತಿಕಾಯಗಳು. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. 1984ರಲ್ಲಿ ನೀಲ್ಸ್ ಯೆರ್ನೆ ಅವರೊಂದಿಗೆ ಇಬ್ಬರೂ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಬಾಸ್ಟ್ ಮತ್ತು ರಾಬರ್ಟ್ ನ್ಯಾಪ್ ಅವರ ತಂಡ ಈ ವಿಧಾನವನ್ನು ಅಂಡಾಶಯದ ಕ್ಯಾನ್ಸರಿಗೆ ಅನ್ವಯಿಸಿತು. ರೋಗಿಯೊಬ್ಬಳ ಗಂತಿಯಿಂದ ಬೆಳೆಸಿದ್ದ ‘ಓವಿಸಿಎ 433’ ಎಂಬ ಕೋಶಸಂತತಿಯನ್ನು ಅವರು ಇಲಿಗಳಿಗೆ ಚುಚ್ಚಿ, ಅವುಗಳ ಗುಲ್ಮದಿಂದ ಸಂಕರ ಕೋಶಗಳನ್ನು ಪಡೆದರು. ನಂತರ ಪ್ರತಿಯೊಂದು ಪ್ರತಿಕಾಯಕ್ಕೂ ಎರಡು ಪರೀಕ್ಷೆ: ಗಂತಿಯ ಕೋಶಗಳಿಗೆ ಅದು ಅಂಟಬೇಕು, ಅದೇ ರೋಗಿಯ ರಕ್ತದ ಬಿಳಿಕಣಗಳಿಂದ ಬೆಳೆಸಿದ ಕೋಶಗಳಿಗೆ ಅಂಟಬಾರದು. ಆ ವ್ಯಕ್ತಿಗೆ ಸೇರಿದ ಗುರುತು ಬೇಡ, ಆ ಗಂತಿಗೆ ಸೇರಿದ ಗುರುತು ಬೇಕು ಎಂಬುದು ಇದರ ತರ್ಕ.

ಒಂದಾದ ಮೇಲೊಂದು ಪ್ರತಿಕಾಯವನ್ನು ಹೀಗೆ ಜರಡಿ ಹಿಡಿಯುತ್ತ ಹೋದಾಗ ಭರವಸೆ ಮೂಡಿಸಿದವುಗಳ ಸಾಲಿನಲ್ಲಿ ನೂರ ಇಪ್ಪತ್ತೈದನೆಯದು ಕೈಗೆ ಹತ್ತಿತು. ಅದಕ್ಕೆ ‘ಓ.ಸಿ. 125’ ಎಂದು ಹೆಸರಾಯಿತು. ಅದು ಗುರುತಿಸುವ ಪ್ರತಿಜನಕವೇ ‘ಸಿ.ಎ. 125’. ಹೆಸರಿನ ಹಿಂದೆ ರಹಸ್ಯವೇನೂ ಇಲ್ಲ, ತಾಳ್ಮೆಯ ಲೆಕ್ಕವಿದೆ ಅಷ್ಟೆ. 1981ರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ ಈ ಪ್ರತಿಕಾಯವು ಪರೀಕ್ಷಿಸಿದ ಆರೂ ಅಂಡಾಶಯ ಕ್ಯಾನ್ಸರ್ ಕೋಶಸಂತತಿಗಳಿಗೆ, ಹಾಗೂ 20 ರೋಗಿಗಳ ಪೈಕಿ 12 ಮಂದಿಯ ಗಂತಿಗಳಿಗೆ ಅಂಟಿತು. ಆರೋಗ್ಯವಂತ ಅಂಡಾಶಯಕ್ಕೆ ಅಂಟಲಿಲ್ಲ.

35 ಎಂಬ ಗೆರೆ

ಮುಂದಿನ ಹೆಜ್ಜೆ, ಈ ಪ್ರತಿಜನಕ ರಕ್ತದಲ್ಲಿ ಎಷ್ಟಿದೆಯೆಂದು ಅಳೆಯುವುದು. ಓ.ಸಿ. 125 ಪ್ರತಿಕಾಯವನ್ನು ಲೇಪಿಸಿದ ಪುಟ್ಟ ಪ್ಲಾಸ್ಟಿಕ್ ಮಣಿಯನ್ನು ರೋಗಿಯ ಸೀರಮ್‌ನಲ್ಲಿ ಇಟ್ಟರೆ ಅದು ಸಿ.ಎ. 125ನ್ನು ಹಿಡಿದುಕೊಳ್ಳುತ್ತದೆ. ವಿಕಿರಣಶೀಲ ಅಯೊಡೀನಿನಿಂದ ಗುರುತು ಮಾಡಿದ ಅದೇ ಪ್ರತಿಕಾಯವನ್ನು ಸೇರಿಸಿದರೆ ಅದು ಹಿಡಿದ ಪ್ರತಿಜನಕದ ಇನ್ನೊಂದು ಬದಿಗೆ ಅಂಟುತ್ತದೆ. ತೊಳೆದ ಮೇಲೆ ಮಣಿಯಲ್ಲಿ ಉಳಿದ ವಿಕಿರಣವನ್ನು ಎಣಿಸಿದರೆ ಲೆಕ್ಕ ಸಿಗುತ್ತದೆ. ಆ ಅಯೊಡೀನಿನ ಪರಮಾಣು ರಾಶಿ ಸಂಖ್ಯೆಯೂ 125 ಆಗಿದ್ದುದು ಕೇವಲ ಕಾಕತಾಳೀಯ.

ಸಾಮಾನ್ಯವಾಗಿ ಇಂಥ ಪರೀಕ್ಷೆಗೆ ಎರಡು ಬೇರೆ ಬೇರೆ ಪ್ರತಿಕಾಯಗಳು ಬೇಕು: ಹಿಡಿಯಲು ಒಂದು, ತೋರಿಸಲು ಇನ್ನೊಂದು. ಇಲ್ಲಿ ಒಂದೇ ಪ್ರತಿಕಾಯ ಎರಡೂ ಕೆಲಸ ಮಾಡಿತು. ಎಂದರೆ ಈ ಅಣುವಿನ ಮೇಲೆ ಒಂದೇ ಗುರುತು ಹಲವು ಬಾರಿ ಇರಬೇಕು. ಅದು ಹೇಗೆಂಬುದು ತಿಳಿಯಲು ಸುಮಾರು ಎರಡು ದಶಕ ಕಾಯಬೇಕಾಯಿತು.

ಈ ಪರೀಕ್ಷೆಯ ಫಲಿತಾಂಶವನ್ನು ಬಾಸ್ಟ್ ತಂಡ 1983ರಲ್ಲಿ ಪ್ರಕಟಿಸಿತು. ಮಿಲಿಲೀಟರಿಗೆ 35 ಯೂನಿಟ್ ಎಂಬುದನ್ನು ಅವರು ಗೆರೆಯಾಗಿ ಇಟ್ಟುಕೊಂಡರು. ಆರೋಗ್ಯವಂತರಾಗಿ ಕಾಣುತ್ತಿದ್ದ 888 ಜನರಲ್ಲಿ ಶೇ. 1ರಷ್ಟು ಮಂದಿ ಮಾತ್ರ ಅದನ್ನು ಮೀರಿದ್ದರು. ಕ್ಯಾನ್ಸರಲ್ಲದ ಬೇರೆ ಕಾಯಿಲೆಗಳಿದ್ದ 143 ಜನರಲ್ಲಿ ಶೇ. 6ರಷ್ಟು ಮಂದಿ ಮೀರಿದ್ದರು. ಶಸ್ತ್ರಕ್ರಿಯೆಯಿಂದ ಅಂಡಾಶಯದ ಕ್ಯಾನ್ಸರ್ ಖಚಿತವಾಗಿದ್ದ 101 ಮಂದಿಯಲ್ಲಿ 83 ಮಂದಿ ಮೀರಿದ್ದರು. ಚಿಕಿತ್ಸೆಯ ಅವಧಿಯಲ್ಲಿ ಪದೇ ಪದೇ ಅಳೆದಾಗ, 45 ಸಂದರ್ಭಗಳಲ್ಲಿ 42ರಲ್ಲಿ ಅಂಕಿಯ ಏರಿಳಿತವು ರೋಗದ ಏರಿಳಿತಕ್ಕೆ ಹೊಂದಿಕೊಂಡಿತ್ತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಪ್ರಬಂಧದ ಉದ್ದೇಶ ಕ್ಯಾನ್ಸರ್ ಇದೆಯೇ ಇಲ್ಲವೇ ಎಂದು ಹೇಳುವುದಾಗಿರಲಿಲ್ಲ. ಇದೆಯೆಂದು ಈಗಾಗಲೇ ಗೊತ್ತಿರುವ ರೋಗದ ಗತಿಯನ್ನು ಗಮನಿಸುವುದಾಗಿತ್ತು. ಈ ಕೆಲಸದಲ್ಲಿ ಸಿ.ಎ. 125 ನಿಜಕ್ಕೂ ಉಪಕಾರಿಯಾಯಿತು. ಆಗ ರಾಸಾಯನಿಕ ಚಿಕಿತ್ಸೆ ಮುಗಿದ ಮೇಲೆ ಗಂತಿ ಉಳಿದಿದೆಯೇ ಎಂದು ನೋಡಲು ಎರಡನೆಯ ಬಾರಿ ಹೊಟ್ಟೆ ತೆರೆಯುವ ಪದ್ಧತಿಯಿತ್ತು. ಅಂಕಿ 35ರ ಮೇಲೇ ಉಳಿದಿದ್ದರೆ ಗಂತಿ ಉಳಿದಿರುವುದು ಬಹುಮಟ್ಟಿಗೆ ಖಚಿತವೆಂದು ತಿಳಿದ ಮೇಲೆ ಅಂಥ ಎಷ್ಟೋ ಶಸ್ತ್ರಕ್ರಿಯೆಗಳು ಅನಗತ್ಯವೆನಿಸಿದವು. ಆದರೆ ಅಂಕಿ ಇಳಿದರೆ ಗಂತಿ ಪೂರ್ತಿ ಹೋಯಿತೆಂದು ಹೇಳುವಂತಿರಲಿಲ್ಲ.

ಈ ಪ್ರೋಟೀನು ಮಾಡುವ ಕೆಲಸವೇನು?

ಸಿ.ಎ. 125 ಕ್ಯಾನ್ಸರ್ ಸೃಷ್ಟಿಸಿದ ವಸ್ತುವಲ್ಲ. ಅದು ಆರೋಗ್ಯವಂತ ದೇಹದ್ದೇ ಪ್ರೋಟೀನು. ಭ್ರೂಣಾವಸ್ಥೆಯಲ್ಲಿ ದೇಹದ ಒಳಕುಹರವನ್ನು ಹೊದೆಯುವ ಪದರದಿಂದ ಮುಂದೆ ಶ್ವಾಸಕೋಶದ ಪೊರೆ, ಹೃದಯದ ಪೊರೆ, ಉದರಪೊರೆ, ಅಂಡನಾಳ, ಗರ್ಭಕೋಶದ ಒಳಪದರ ಮೊದಲಾದವು ರೂಪುಗೊಳ್ಳುತ್ತವೆ. ಈ ಜಾಗಗಳಲ್ಲೆಲ್ಲ ಸಿ.ಎ. 125 ಇದೆ ಎಂದು 1983ರಷ್ಟರಲ್ಲೇ ಗೊತ್ತಾಗಿತ್ತು.

ಅಣುವಿನ ನಿಜರೂಪ ತಿಳಿದದ್ದು 2001ರಲ್ಲಿ. ಬಿಯಾಟ್ರಿಸ್ ಯಿನ್ ಮತ್ತು ಕೆನೆತ್ ಲಾಯ್ಡ್ ಒಂದೆಡೆ, ತಿಮೊತಿ ಓಬ್ರಿಯನ್ ಅವರ ತಂಡ ಇನ್ನೊಂದೆಡೆ, ಅದರ ಜೀನನ್ನು ಗುರುತಿಸಿದರು. ಅದು 19ನೆಯ ವರ್ಣತಂತುವಿನಲ್ಲಿದೆ. ಲೋಳೆಗೆ ಜಾರುವ ಗುಣ ಕೊಡುವ ಮ್ಯೂಸಿನ್ ವರ್ಗಕ್ಕೆ ಸೇರಿದ ಈ ಪ್ರೋಟೀನಿಗೆ ‘ಮ್ಯೂಸಿನ್ 16’ ಎಂಬ ಹೆಸರು ಬಂತು. ಸಾಧಾರಣ ಪ್ರೋಟೀನುಗಳಲ್ಲಿ ಕೆಲವು ನೂರು ಅಮೈನೊ ಆಮ್ಲಗಳಿದ್ದರೆ ಇದರಲ್ಲಿ ಸುಮಾರು 22,000 ಇವೆಯೆಂದು ಲೆಕ್ಕ ಹಾಕಲಾಯಿತು. 156 ಅಮೈನೊ ಆಮ್ಲಗಳ ಒಂದು ತುಂಡು ಅರವತ್ತಕ್ಕೂ ಹೆಚ್ಚು ಬಾರಿ, ಸರದ ಮಣಿಗಳಂತೆ, ಒಂದರ ಹಿಂದೊಂದು ಪೋಣಿಸಿಕೊಂಡಿದೆ. ಒಂದೇ ಪ್ರತಿಕಾಯ ಅದರ ಎರಡು ಬದಿಗೂ ಅಂಟಿದ್ದು ಹೇಗೆಂಬ ಹಳೆಯ ಪ್ರಶ್ನೆಗೆ ಉತ್ತರ ದೊರೆಯಿತು.

ಜೀವಕೋಶದ ಮೇಲೆ ಕುಂಚದಂತೆ ಚಾಚಿಕೊಂಡು ಅದಕ್ಕೆ ತೇವವನ್ನೂ ಜಾರುಗುಣವನ್ನೂ ಕೊಡುವುದು, ಸೂಕ್ಷ್ಮಜೀವಿಗಳನ್ನು ತಡೆಯುವುದು ಇದರ ಸಹಜ ಕೆಲಸ. ನಮ್ಮ ಕಣ್ಣಿನ ಹೊರಮೈಯನ್ನು ಕಾಯುವ ವಸ್ತುಗಳಲ್ಲೂ ಇದು ಒಂದು. ಇದೇ ಅಣು ಉದರಪೊರೆಯ ಮೀಸೊಥೆಲಿನ್ ಎಂಬ ಇನ್ನೊಂದು ಪ್ರೋಟೀನಿಗೆ ಬಿಗಿಯಾಗಿ ಅಂಟುತ್ತದೆಂದು 2004ರಲ್ಲಿ ತಿಳಿಯಿತು. ಗಂತಿಯ ಕೋಶಗಳು ಹೊಟ್ಟೆಯೊಳಗೆ ಎಲ್ಲೆಂದರಲ್ಲಿ ನೆಲೆಯೂರಲು ಇದು ನೆರವಾಗುತ್ತಿರಬಹುದು.

ಇಷ್ಟು ತಿಳಿದರೆ, ಅಂಕಿ ಬೇರೆ ಕಾರಣಗಳಿಂದಲೂ ಏಕೆ ಏರುತ್ತದೆಂಬುದು ಅರ್ಥವಾಗುತ್ತದೆ. ಈ ಪದರಗಳು ಎಲ್ಲಿ ಕೆರಳಿದರೂ ಸಿ.ಎ. 125 ರಕ್ತಕ್ಕೆ ಸೇರುತ್ತದೆ. ಮುಟ್ಟಿನ ದಿನಗಳಲ್ಲಿ, ಬಸಿರಿನ ಮೊದಲ ತಿಂಗಳುಗಳಲ್ಲಿ, ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ನಾರುಗಡ್ಡೆ, ಯಕೃತ್ತಿನ ಸಿರೋಸಿಸ್‌ಗಳಲ್ಲಿ ಅದು ಹೆಚ್ಚಬಹುದು. ನಮ್ಮ ದೇಶದ ಮಟ್ಟಿಗೆ ಮುಖ್ಯವಾದದ್ದು ಉದರಪೊರೆಯ ಕ್ಷಯ. ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಸ್ಕ್ಯಾನಿನಲ್ಲಿ ಗಡ್ಡೆಯಂಥ ನೆರಳು, ಸಿ.ಎ. 125 ನೂರಾರು ಯೂನಿಟ್: ಚಿತ್ರ ಥೇಟ್ ಮುಂದುವರಿದ ಕ್ಯಾನ್ಸರಿನದೇ. ಶಸ್ತ್ರಕ್ರಿಯೆಗೆಂದು ಹೊಟ್ಟೆ ತೆರೆದಾಗ ಕ್ಷಯದ ಹರಳುಗಳು ಕಂಡ ಪ್ರಕರಣಗಳನ್ನು ಭಾರತದ ವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಗುಣವಾಗುವ ಕಾಯಿಲೆ ಅದು. ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡುವ ಮೊದಲೇ ಬರಿಯ ಅಂಕಿಯನ್ನು ನಂಬಿ ತೀರ್ಮಾನಿಸುವುದರ ಅಪಾಯ ಇದರಿಂದ ತಿಳಿಯುತ್ತದೆ.

ಆರೋಗ್ಯವಂತರಲ್ಲಿ ಹುಡುಕಿದರೆ?

1989ರಲ್ಲಿ ಅಮೆರಿಕದ ಜನಪ್ರಿಯ ಹಾಸ್ಯನಟಿ ಗಿಲ್ಡಾ ರಾಡ್ನರ್ 42ನೆಯ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ರೋಗ ಪತ್ತೆಯಾಗುವ ಮೊದಲು ಹಲವು ತಿಂಗಳು ಅವರ ತೊಂದರೆಗೆ ಬೇರೆ ಬೇರೆ ಕಾರಣಗಳನ್ನು ಹೇಳಲಾಗಿತ್ತು. ಅವರ ಪತಿ, ನಟ ಜೀನ್ ವೈಲ್ಡರ್, ಸಿ.ಎ. 125 ಪರೀಕ್ಷೆಯ ಬಗ್ಗೆ ಮಹಿಳೆಯರಲ್ಲಿ ಅರಿವು ಮೂಡಿಸಲು ಮುಂದಾದರು. ಎಲ್ಲ ಮಹಿಳೆಯರಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿದರೆ ಎಷ್ಟೋ ಜೀವಗಳು ಉಳಿಯಬಹುದು ಎಂಬ ಆಸೆ ಹರಡಿತು. ಆಸೆ ನ್ಯಾಯವಾದದ್ದೇ. ಆದರೆ ಲೆಕ್ಕ ಅದಕ್ಕೆ ಅನುಕೂಲವಾಗಿರಲಿಲ್ಲ.

ಋತುಬಂಧ ದಾಟಿದ 1,00,000 ಮಹಿಳೆಯರಲ್ಲಿ 40 ಮಂದಿಗೆ ಈ ಕ್ಯಾನ್ಸರ್ ಅಡಗಿದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಅವರಲ್ಲಿ ಮುಕ್ಕಾಲು ಪಾಲನ್ನು, ಅಂದರೆ 30 ಮಂದಿಯನ್ನು ಗುರುತಿಸಲಿ. ಆರೋಗ್ಯವಂತರಲ್ಲಿ ಅದು ಶೇ. 1ರಷ್ಟು ಮಾತ್ರ ತಪ್ಪಲಿ. ಆಗ ಹುಸಿ ಎಚ್ಚರಿಕೆ ಪಡೆದವರು ಸುಮಾರು 1,000 ಮಂದಿ. ಒಟ್ಟು 1,030 ಮಂದಿಯಲ್ಲಿ ನಿಜವಾಗಿ ರೋಗವಿರುವವರು 30, ಎಂದರೆ 34ಕ್ಕೆ ಒಬ್ಬರು. ಉಳಿದವರ ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಕೆಲವೊಮ್ಮೆ ಶಸ್ತ್ರಕ್ರಿಯೆಯೇ ಬೇಕಾಗುತ್ತದೆ. ಹತ್ತು ಶಸ್ತ್ರಕ್ರಿಯೆಗೆ ಒಂದು ಕ್ಯಾನ್ಸರಾದರೂ ಸಿಗಬೇಕೆಂದರೆ ಪರೀಕ್ಷೆ ಆರೋಗ್ಯವಂತರಲ್ಲಿ ಸಾವಿರಕ್ಕೆ ಮೂರು ಬಾರಿಯೂ ತಪ್ಪಬಾರದು. ಇನ್ನೊಂದು ಕೊರತೆಯೆಂದರೆ, ಬೇಗ ಪತ್ತೆಯಾಗಬೇಕಾದ ಮೊದಲ ಹಂತದ ಗಂತಿಗಳಲ್ಲಿ ಅರ್ಧದಷ್ಟರಲ್ಲಿ ಮಾತ್ರ ಅಂಕಿ 35ನ್ನು ಮೀರುತ್ತದೆ.

ಲೆಕ್ಕ ಏನೇ ಹೇಳಲಿ, ಪ್ರಯೋಗ ನಡೆಯಲೇಬೇಕಿತ್ತು. ಅಮೆರಿಕದಲ್ಲಿ 55ರಿಂದ 74 ವರ್ಷದ 78,216 ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ವರ್ಷವರ್ಷ ಸಿ.ಎ. 125 ಮತ್ತು ಅಲ್ಟ್ರಾಸೌಂಡ್ ತಪಾಸಣೆ ಮಾಡಲಾಯಿತು. 2011ರಲ್ಲಿ ಬಂದ ಫಲಿತಾಂಶ ನಿರಾಶಾದಾಯಕವಾಗಿತ್ತು. ತಪಾಸಣೆಗೊಳಗಾದ ಗುಂಪಿನಲ್ಲಿ ಅಂಡಾಶಯದ ಕ್ಯಾನ್ಸರಿನಿಂದ 118 ಮಂದಿ, ಇನ್ನೊಂದರಲ್ಲಿ 100 ಮಂದಿ ಸತ್ತಿದ್ದರು. ಹುಸಿ ಎಚ್ಚರಿಕೆ ಪಡೆದವರು 3,285. ಅವರಲ್ಲಿ ಶಸ್ತ್ರಕ್ರಿಯೆಗೆ ಒಳಗಾದವರು 1,080. ಅದರಿಂದ ಗಂಭೀರ ತೊಂದರೆಗೆ ಸಿಲುಕಿದವರು 163 ಮಂದಿ. ಕ್ಯಾನ್ಸರೇ ಇಲ್ಲದ ಮಹಿಳೆಯರು ಇವರೆಲ್ಲ.

ಬ್ರಿಟನ್ನಿನಲ್ಲಿ ಇಯಾನ್ ಜೇಕಬ್ಸ್, ಉಷಾ ಮೆನನ್ ಮೊದಲಾದವರು ಇನ್ನೂ ಜಾಣತನದ ದಾರಿ ಹಿಡಿದರು. ಎಲ್ಲರಿಗೂ 35 ಎಂಬ ಒಂದೇ ಗೆರೆ ಏಕೆ? ಒಬ್ಬಾಕೆಯ ಅಂಕಿ ವರ್ಷವರ್ಷವೂ 10ರಲ್ಲೇ ನಿಂತಿದ್ದು ನಂತರ 20, 30 ಎಂದು ಏರಿದರೆ, ಅದು 35ನ್ನು ಮುಟ್ಟದಿದ್ದರೂ ಅನುಮಾನಾಸ್ಪದ. ಇನ್ನೊಬ್ಬಾಕೆಯದು ಸದಾ 40ರಲ್ಲೇ ಇದ್ದರೆ ಅದು ಆಕೆಯ ಸಹಜ ಮಟ್ಟವಿರಬಹುದು. ಹೀಗೆ ಪ್ರತಿಯೊಬ್ಬರನ್ನೂ ಅವರ ಹಿಂದಿನ ಅಂಕಿಗಳೊಂದಿಗೇ ಹೋಲಿಸುವ ಗಣಿತ ವಿಧಾನವನ್ನು ಬಳಸಲಾಯಿತು. 2001ರಿಂದ 2005ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರು ಸೇರಿದರು. 2011ರ ಕೊನೆಯವರೆಗೆ ತಪಾಸಣೆ ನಡೆಯಿತು. 2021ರಲ್ಲಿ ಅಂತಿಮ ವರದಿ ಬಂತು. ಈ ವಿಧಾನದಿಂದ ಮೊದಲ ಹಂತದಲ್ಲೇ ಪತ್ತೆಯಾದ ಗಂತಿಗಳು ಸುಮಾರು ಶೇ. 47ರಷ್ಟು ಹೆಚ್ಚಿದ್ದವು, ನಾಲ್ಕನೆಯ ಹಂತದವು ಸುಮಾರು ಶೇ. 25ರಷ್ಟು ಕಡಿಮೆಯಾಗಿದ್ದವು. ಆದರೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಬೇಗ ಪತ್ತೆಯಾದುದೆಲ್ಲ ಸಾಕಷ್ಟು ಬೇಗ ಆಗಿರಲಿಲ್ಲ ಎಂದೇ ಇದರ ಅರ್ಥ. ಅತ್ಯಂತ ಮಾರಕ ಬಗೆಯ ಬಹುಪಾಲು ಗಂತಿಗಳು ಅಂಡನಾಳದ ತುದಿಯಲ್ಲಿ ಹುಟ್ಟುತ್ತವೆ, ಬಹುಬೇಗ ಹರಡುತ್ತವೆ ಎಂಬುದು ಈಗ ತಿಳಿದಿದೆ.

ಮುಂಚೆ ತಿಳಿದರೆ ಲಾಭವೇ?

ರೋಗಿಗಳ ಮೇಲೆ ನಿಗಾ ಇಡುವುದರಲ್ಲೂ ಒಂದು ಅನಿರೀಕ್ಷಿತ ಪಾಠ ಕಾದಿತ್ತು. ಚಿಕಿತ್ಸೆ ಮುಗಿಸಿ ಚೆನ್ನಾಗಿರುವವರಲ್ಲಿ ರೋಗ ಮರುಕಳಿಸುವ ಹಲವು ತಿಂಗಳು ಮೊದಲೇ ಸಿ.ಎ. 125 ಏರತೊಡಗುತ್ತದೆ. ಕೂಡಲೇ ಔಷಧ ಆರಂಭಿಸಿದರೆ ಆಯುಷ್ಯ ಹೆಚ್ಚಬೇಕಲ್ಲವೇ? ಗಾರ್ಡನ್ ರಸ್ಟಿನ್ ನೇತೃತ್ವದ ಪ್ರಯೋಗದಲ್ಲಿ, ಹೀಗೆ ಅಂಕಿ ಏರಿದ 529 ಮಹಿಳೆಯರಲ್ಲಿ ಒಂದು ಗುಂಪಿಗೆ ಕೂಡಲೇ ಚಿಕಿತ್ಸೆ, ಇನ್ನೊಂದಕ್ಕೆ ಲಕ್ಷಣಗಳು ಕಂಡಮೇಲೆ ಚಿಕಿತ್ಸೆ ಎಂದು ಗೊತ್ತುಪಡಿಸಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೊದಲ ಗುಂಪಿನ ಮಧ್ಯಮ ಬದುಕುಳಿವಿಕೆ 25.7 ತಿಂಗಳು, ಎರಡನೆಯದು 27.1 ತಿಂಗಳು. ಇವೆರಡರ ನಡುವೆ ಗಣನೀಯ ಅಂತರವಿಲ್ಲ. ಮೊದಲ ಗುಂಪಿನವರು ರಾಸಾಯನಿಕ ಚಿಕಿತ್ಸೆಯ ಸಂಕಟವನ್ನು ಸುಮಾರು ಐದು ತಿಂಗಳು ಮೊದಲೇ ಅನುಭವಿಸತೊಡಗಿದ್ದರು, ಅಷ್ಟೆ. ಆದ್ದರಿಂದ ಗುಣಮುಖರಾದ ಮೇಲೆ ಈ ಪರೀಕ್ಷೆಯನ್ನು ಮಾಡಿಸುತ್ತಿರಬೇಕೇ ಬೇಡವೇ ಎಂಬುದು ವೈದ್ಯರು ರೋಗಿಯೊಂದಿಗೆ ಮಾತನಾಡಿ ನಿರ್ಧರಿಸಬೇಕಾದ ವಿಷಯವಾಯಿತು. ಹೊಸ ಔಷಧಗಳು ಬಂದಿರುವ ಈಗಲೂ ಆ ಮಾತುಕತೆ ಅಗತ್ಯವೇ.

ಜೊತೆಗಾರರು

ಸಿ.ಎ. 125ರ ಕೊರತೆಯನ್ನು ತುಂಬಲು ಬೇರೆ ಸೂಚಕಗಳನ್ನೂ ಹುಡುಕಲಾಗಿದೆ. ಅವುಗಳಲ್ಲಿ ಮುಖ್ಯವಾದದ್ದು ಎಚ್.ಇ. 4. ಈ ಪ್ರೋಟೀನು ಮೊದಲು, 1991ರ ಹೊತ್ತಿಗೆ, ಕಂಡುಬಂದದ್ದು ಪುರುಷರ ವೃಷಣಕ್ಕೆ ಹೊಂದಿಕೊಂಡ ನಾಳದಲ್ಲಿ! ಅಂಡಾಶಯದ ಕ್ಯಾನ್ಸರಿನಲ್ಲಿ ಅದು ರಕ್ತದಲ್ಲಿ ಏರುತ್ತದೆಂದು ಇಂಗೆಗರ್ಡ್ ಹೆಲ್‌ಸ್ಟ್ರಾಮ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ ಎಂಬುದು ಅನುಕೂಲ. ಮೂತ್ರಪಿಂಡಗಳು ಸೋತಾಗ ಏರುತ್ತದೆ ಎಂಬುದು ಅನನುಕೂಲ. ಅಲ್ಟ್ರಾಸೌಂಡಿನಲ್ಲಿ ಗಡ್ಡೆ ಕಂಡಾಗ ಅದು ಅಪಾಯದ್ದೇ ಎಂದು ಅಂದಾಜಿಸಲು ಜೇಕಬ್ಸ್ ಮತ್ತಿತರರು 1990ರಲ್ಲೇ ಒಂದು ಸರಳ ಸೂತ್ರ ಕೊಟ್ಟಿದ್ದರು: ಸ್ಕ್ಯಾನಿನ ಅಂಕ, ಋತುಬಂಧದ ಅಂಕ, ಸಿ.ಎ. 125 ಈ ಮೂರರ ಗುಣಲಬ್ಧ. ಗಡ್ಡೆಯಿರುವ ಯಾರನ್ನು ಕ್ಯಾನ್ಸರ್ ತಜ್ಞರ ಬಳಿಗೆ ಬೇಗ ಕಳಿಸಬೇಕೆಂದು ನಿರ್ಧರಿಸಲು ಈ ಸೂತ್ರ ನೆರವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಯಾವ ಲಕ್ಷಣವೂ ಇಲ್ಲದ, ವಂಶದಲ್ಲಿ ರೋಗವಿಲ್ಲದ ಮಹಿಳೆ ತಪಾಸಣೆಗೆಂದು ಸಿ.ಎ. 125 ಮಾಡಿಸುವ ಅಗತ್ಯವಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಇಂಥ ತಪಾಸಣೆಯ ವಿರುದ್ಧ ಎಚ್ಚರಿಕೆಯನ್ನೇ ನೀಡಿತು. ಆದರೆ ಬಿಡದೆ ಕಾಡುವ ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇವು ಐವತ್ತು ದಾಟಿದವರಲ್ಲಿ ಹೊಸದಾಗಿ ಕಾಣಿಸಿಕೊಂಡರೆ ವಾಯುವೆಂದು ಕಷಾಯ ಕುಡಿದು ಸುಮ್ಮನಿರಬಾರದು. ಆಗ ಈ ಪರೀಕ್ಷೆಗೆ ಅರ್ಥವಿದೆ. ತಾಯಿ, ಅಕ್ಕತಂಗಿಯರಲ್ಲಿ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಬಂದಿದ್ದರೆ ಬಿ.ಆರ್.ಸಿ.ಎ. ಜೀನುಗಳ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು. ಆ ಜೀನುಗಳಲ್ಲಿ ದೋಷವಿರುವವರಿಗೆ, ಮಕ್ಕಳು ಸಾಕೆನಿಸಿದ ಮೇಲೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಳ್ಳುವುದು ಯಾವ ರಕ್ತಪರೀಕ್ಷೆಗಿಂತಲೂ ಹೆಚ್ಚಿನ ರಕ್ಷಣೆ. ಈಗಾಗಲೇ ಚಿಕಿತ್ಸೆಯಲ್ಲಿರುವವರಿಗೋ, ಸಿ.ಎ. 125 ಇಂದಿಗೂ ಅಗ್ಗದ, ನಂಬಬಹುದಾದ ದಿಕ್ಸೂಚಿ. ಒಂದು ದಿನದ ಅಂಕಿಗಿಂತ, ವಾರವಾರವೂ ಅದು ಇಳಿಯುತ್ತಿದೆಯೇ ಏರುತ್ತಿದೆಯೇ ಎಂಬುದರಲ್ಲಿ ಅದರ ಬೆಲೆಯಿದೆ. 1983ರ ಪ್ರಬಂಧ ಅದಕ್ಕೆ ವಹಿಸಿದ್ದು ಈ ಕೆಲಸವನ್ನೇ.